ಒಂದೇ ಸಲ ಕೇಳುತ್ತಾರೆ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿಮ್ಮಮ್ಮ ನಿನ್ನೆ ಫೋನ್ ಮಾಡಿ ಮುಕ್ಕಾಲು ಗಂಟೆ ನಿನ್ನ ಸೂಟ್‌ಕೇಸಿನ ಬಗ್ಗೆಯೇ ಮಾತಾಡಿದಳು. ಎಷ್ಟು ಸ್ವೆಟರ್, ಎಷ್ಟು ಚಟ್ನಿಪುಡಿ, ಕುಕ್ಕರ್ ಎರಡು ಲೀಟರಿನದ್ದೋ ಮೂರು ಲೀಟರಿನದ್ದೋ. ಆ ತಲೆಬಿಸಿ ಅವಳಿಗೇ ಇರಲಿ. ನೀನು ಓದಲು ಇಲ್ಲಿಗೆ ಹೊರಟಿದ್ದೀಯಲ್ಲ, ನಾನು ಇಲ್ಲಿನ ಜನರ ರೀತಿ ನೀತಿ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ. 2003ರ ಅಕ್ಟೋಬರಿನಲ್ಲಿ ತೀರ್ಥಹಳ್ಳಿಯಿಂದ ನೇರ ಇಂಗ್ಲೆಂಡಿನ ಈ ಶೆಫೀಲ್ಡಿಗೆ ಬಂದು ಇಳಿದಾಗ ಇವನ್ನೆಲ್ಲ ನನಗೆ ಹೇಳುವವರು ಯಾರೂ ಇರಲಿಲ್ಲ. ನಿಮ್ಮ ದೊಡ್ಡಪ್ಪನನ್ನು ಕೇಳಿದರೆ "ಅಡ್ಜಸ್ಟ್ ಆಗುತ್ತೆ ಬಿಡು" ಅಂತ ಪೇಪರ್ ಬಿಡಿಸಿ ಕೂರುತ್ತಿದ್ದರು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು "ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ" ಅನ್ನುತ್ತಾ ರೀಲ್ಸ್ ನೋಡುತ್ತಿರುತ್ತೀಯ ಅಂತ ನನಗೆ ಗೊತ್ತು.

ಮೊದಲನೇ ಪಾಠ ಆಗಿದ್ದು ಬಂದ ಎರಡನೇ ವಾರ. ದೊಡ್ಡಪ್ಪನ ಆಫೀಸಿನವರೊಬ್ಬರ ಮನೆಗೆ ಹೋಗಿದ್ದೆವು. ಬಸ್ಸಿಗೆ ಕಾದು, ಗುಡ್ಡ ಹತ್ತಿ, ಚಳಿಗೆ ಕಿವಿ ಮರಗಟ್ಟಿ ಹೋಗಿತ್ತು. ಬಾಗಿಲು ತೆಗೆದ ಆಯಮ್ಮ ನಗುತ್ತಾ ಟೀ ಕುಡಿತೀರಾ ಅಂದಳು. ನಾನು ಮನೆಯಲ್ಲಿ ಕಲಿತ ಹಾಗೆ "ಬೇಡ ಬೇಡ, ಪರವಾಗಿಲ್ಲ" ಅಂದೆ. ಅವಳು "ಓ, ಓಕೆ" ಅಂದು ಕೂತುಬಿಟ್ಟಳು! ನಮ್ಮ ಕಡೆ ಮೊದಲನೇ ಬೇಡಕ್ಕೆ ಏನಾದರೂ ಅರ್ಥ ಉಂಟಾ? ಅದು ಬರೀ ಉಪಚಾರ. ಎರಡನೇ ಬೇಡಕ್ಕೆ "ಅದ್ಹೇಗಾಗುತ್ತೆ, ಅರ್ಧ ಲೋಟ ಆದ್ರೂ" ಅನ್ನಬೇಕು, ಮೂರನೇದಕ್ಕೆ ಲೋಟ ಕೈಗೇ ಬರಬೇಕು. ಆಯಮ್ಮ ದೊಡ್ಡಪ್ಪನಿಗೂ ತನಗೂ ಟೀ ತಂದಳು. ಮೇಜಿನ ಮೇಲೆ ಒಂದು ತಟ್ಟೆ ಬಿಸ್ಕತ್ತೂ ಇಟ್ಟಳು. ಒಂದೂವರೆ ಗಂಟೆ ನಾನು ಆ ತಟ್ಟೆಯನ್ನೇ ನೋಡುತ್ತಾ ಕೂತಿದ್ದೆ. ತಗೊಳ್ಳಿ ತಗೊಳ್ಳಿ ಅಂತ ಯಾರೂ ತಟ್ಟೆ ನನ್ನ ಕಡೆ ಸರಿಸಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು. ಎಂಥ ಜನ, ಮನೆಗೆ ಬಂದವರಿಗೆ ಒಂದು ಲೋಟ ಬಿಸಿನೀರು ಕೊಡಲಿಲ್ಲ ಅಂತ. ಆಯಮ್ಮ ನನ್ನ ಮಾತಿಗೆ ಬೆಲೆ ಕೊಟ್ಟಿದ್ದಳು ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. ಬೇಡ ಅಂದವರನ್ನು ಮತ್ತೆ ಮತ್ತೆ ಕೇಳುವುದು ಇವರ ಲೆಕ್ಕದಲ್ಲಿ ಪೀಡಿಸಿದ ಹಾಗೆ. ಹಾಗಾಗಿ ಪುಟ್ಟಿ, ಬೇಕಿದ್ದರೆ ಮೊದಲ ಸಲಕ್ಕೇ "ಯೆಸ್ ಪ್ಲೀಸ್" ಅಂದುಬಿಡು. ಸಂಕೋಚ ಪಟ್ಟೆಯೋ, ಉಪವಾಸ.

ಇದನ್ನು ತಿರುಗಿಸಿಯೂ ನೆನಪಿಟ್ಟುಕೋ. ನಿನ್ನ ರೂಮಿನ ಪಕ್ಕದ ಹುಡುಗಿ ನಿನ್ನ ಅಡುಗೆ ಬೇಡ ಅಂದರೆ ಬಿಟ್ಟುಬಿಡು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಫೀಸಿನ ಒಬ್ಬಳನ್ನು ಊಟಕ್ಕೆ ಕರೆದು, ಸಾಕು ಸಾಕು ಅಂದರೂ ಕೇಳದೆ ಮೂರು ಸಲ ಬಿಸಿಬೇಳೆಬಾತ್ ಬಡಿಸಿದೆ. ಪಾಪ, ಬಿಟ್ಟರೆ ನನಗೆ ಅವಮಾನ ಆಗಬಹುದು ಅಂತ ಪೂರ್ತಿ ತಿಂದಳು. ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು, ಆದರೂ "ಲವ್ಲಿ, ಲವ್ಲಿ" ಅನ್ನುತ್ತಲೇ ಇದ್ದಳು. ಮರುದಿನ ರಜೆ ಹಾಕಿದಳು.

ಹಾಗಾದರೆ ಇವರು ಭಾರೀ ನೇರ ಜನ ಅಂದುಕೊಳ್ಳಬೇಡ. ಬೇಕು-ಬೇಡದಲ್ಲಿ ಮಾತ್ರ ನೇರ. ಒಂದು ಕೆಲಸ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಬೇಕಾದಾಗ ಇವರು ಸುತ್ತುವಷ್ಟು ಸುತ್ತು ಆಗುಂಬೆ ಘಾಟಿಯಲ್ಲೂ ಇಲ್ಲ. ನಾನು ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ವಿಭಾಗದಲ್ಲಿದ್ದಾಗ ಒಂದು ಪಟ್ಟಿ ಮಾಡಿಕೊಟ್ಟಿದ್ದೆ. ನಮ್ಮ ಮ್ಯಾನೇಜರ್ ಅದನ್ನು ನೋಡಿ, ಇದನ್ನು ಇನ್ನೊಂದು ಸಲ ನೋಡಿದರೆ ಒಳ್ಳೆಯದೇನೋ ಅನ್ನುವ ಥರ ತುಂಬಾ ಮೆತ್ತಗೆ ಹೇಳಿದಳು. ನೋಡಿದೆ. ಚೆನ್ನಾಗಿಯೇ ಕಾಣಿಸಿತು, ಹಾಗೇ ಬಿಟ್ಟೆ. ಆ ವಾರ ಒಂದೇ ಸಮಯಕ್ಕೆ ಇಬ್ಬಿಬ್ಬರು ರೋಗಿಗಳು ಬಂದು ಕೂತಿದ್ದರು. ಅವಳು ಹೇಳಿದ್ದು "ಇದು ತಪ್ಪಾಗಿದೆ, ಈಗಲೇ ಸರಿಮಾಡು" ಅಂತ! ನಮ್ಮ ಊರಿನ ಮೇಷ್ಟ್ರಾಗಿದ್ದರೆ ಪುಸ್ತಕ ಎಸೆದು ಹೇಳುತ್ತಿದ್ದರು, ಕೂಡಲೇ ಅರ್ಥವಾಗುತ್ತಿತ್ತು.

ನಿನ್ನ ಪ್ರೊಫೆಸರ್ ಕೂಡ ಹೀಗೇ ಮಾತಾಡುತ್ತಾರೆ. "ಯು ಮೈಟ್ ವಾಂಟ್ ಟು" ಅಂತ ವಾಕ್ಯ ಶುರುವಾದರೆ ಪೆನ್ನು ತಗೊಂಡು ಬರೆದುಕೋ, ಅದು ಆಜ್ಞೆ. ನಿನ್ನ ಐಡಿಯಾ ಕೇಳಿ ಸುಮ್ನೆ "ಇಂಟರೆಸ್ಟಿಂಗ್" ಅಂದು ಮುಂದಿನ ವಿಷಯಕ್ಕೆ ಹೋದರೆ ಅದು ಅವರಿಗೆ ಹಿಡಿಸಿಲ್ಲ. "ಕ್ವೈಟ್ ಗುಡ್" ಅಂದರೆ ತುಂಬಾ ಚೆನ್ನಾಗಿದೆ ಅಂತ ನಾನು ಹಿಗ್ಗಿದ್ದೆ, ಅದು ಪರವಾಗಿಲ್ಲ ಅನ್ನುವ ಮಟ್ಟ. "ನಾಟ್ ಬ್ಯಾಡ್" ಅಂತ ಬಾಯಿಬಿಟ್ಟರೆ ಮಾತ್ರ ಮನೆಗೆ ಫೋನ್ ಮಾಡಿ ಹೇಳು, ಅದು ನಿಜವಾದ ಹೊಗಳಿಕೆ. ಇನ್ನೊಂದು, ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕಾಗುತ್ತೆ. ನಾಲಿಗೆ ಏಳುವುದಿಲ್ಲ, ಗೊತ್ತು. ಸರ್ ಸರ್ ಅಂದರೆ ಅವರಿಗೇ ಮುಜುಗರ.

"ಯು ಆಲ್‌ರೈಟ್?" ಅಂತ ದಿನಕ್ಕೆ ಇಪ್ಪತ್ತು ಜನ ಕೇಳುತ್ತಾರೆ. ಮೊದಲು ಕೇಳಿದವಳಿಗೆ ನಾನು ನನ್ನ ಮೊಣಕಾಲು ನೋವಿನ ಕಥೆ ಪೂರ್ತಿ ಹೇಳಿದ್ದೆ. ಅವಳು ಕೈಯಲ್ಲಿ ಫೈಲು ಹಿಡಿದುಕೊಂಡು ನಿಂತೇ ಇದ್ದಳು ಪಾಪ. ನಮ್ಮಲ್ಲಿ ದಾರೀಲಿ ಸಿಕ್ಕವರು "ಊಟ ಆಯ್ತಾ?" ಅಂದರೆ ಏನು ಸಾರು, ಏನು ಪಲ್ಯ ಅಂತ ಹೇಳುತ್ತೀಯಾ? ಆಯ್ತು, ನಿಮ್ದು? ಅಷ್ಟೇ ಅಲ್ವಾ. ಇಲ್ಲೂ "ಆಲ್‌ರೈಟ್, ಯು?" ಅಂದು ನಡೀತಾ ಇರು. "ಯಾವಾಗಲಾದರೂ ಮನೆಗೆ ಬನ್ನಿ" ಅನ್ನುವುದೂ ಬೆಂಗಳೂರಿನವರ "ಬನ್ನಿ ಒಂದ್ಸಲ" ಇದ್ದ ಹಾಗೇ. ಫೋನ್ ತೆಗೆದು ಯಾವ ಶನಿವಾರ ಅಂತ ಕೇಳಿದರೆ ಮಾತ್ರ ನಿಜವಾಗಿ ಕರೆದಿದ್ದಾರೆ ಅಂತ ಲೆಕ್ಕ. ಆಗ ಹೇಳಿದ ಹೊತ್ತಿಗೆ ಹೋಗು. ಐದು ನಿಮಿಷ ತಡವಾದರೆ ನಡೆಯುತ್ತೆ, ಅರ್ಧ ಗಂಟೆ ನಡೆಯಲ್ಲ.

ಒಂದು ವಿಷಯ ನನಗೆ ಬಹಳ ತಡವಾಗಿ ಹೊಳೆಯಿತು. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. "ನೀರು ಕೊಡಿ" ಅಂದರೆ ಆಯಿತು, ಆ "ಇ"ಯಲ್ಲೇ ಎಲ್ಲ ಬಂತು. ಅದನ್ನೇ ಇಂಗ್ಲಿಷಿಗೆ ಹಾಕಿ "ಗಿವ್ ಮಿ ವಾಟರ್" ಅಂದರೆ ಮರ್ಯಾದೆಯ ಬಾಲ ಕತ್ತರಿಸಿ ಹೋಗುತ್ತೆ, ಕೇಳಿದವರಿಗೆ ಗದರಿದ ಹಾಗೆ ಕೇಳಿಸುತ್ತೆ. ಅದಕ್ಕೇ ಇವರಿಗೆ ಹೆಜ್ಜೆಗೊಂದು ಪ್ಲೀಸ್, ಹೆಜ್ಜೆಗೊಂದು ಥ್ಯಾಂಕ್ಯೂ ಬೇಕು. ನಾವು ಮನೆಯಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡುತ್ತಾಳೆ. ಇಲ್ಲಿ ಬಸ್ ಇಳಿಯುವಾಗ ಡ್ರೈವರಿಗೂ ಥ್ಯಾಂಕ್ಯೂ ಹೇಳಬೇಕು. ಹೇಳು, ನಷ್ಟ ಏನಿಲ್ಲ. ಯಾರಾದರೂ ನಿನ್ನ ಕಾಲು ತುಳಿದರೆ ನೀನೇ ಸಾರಿ ಅನ್ನು. ಅವರೂ ಅನ್ನುತ್ತಾರೆ.

ತಲೆ ಆಡಿಸುವುದನ್ನು ಸ್ವಲ್ಪ ಕಡಿಮೆ ಮಾಡು. ಬೇಕರಿಯವಳು ಬೆಣ್ಣೆ ಹಚ್ಚಲಾ ಅಂದಾಗ ನಾನು ನಮ್ಮ ಹಾಗೆ ಆ ಕಡೆ ಈ ಕಡೆ ತಲೆ ಆಡಿಸಿದೆ. ಹೂಂ ಅಂತ. ಅವಳು ಚಾಕು ಕೆಳಗಿಟ್ಟಳು. ಇಲ್ಲ ಇಲ್ಲ, ಹಚ್ಚಿ ಅಂತ ಮತ್ತೆ ಜೋರಾಗಿ ಆಡಿಸಿದೆ. ಅವಳು ನನ್ನನ್ನೂ ಬ್ರೆಡ್ಡನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಾ ನಿಂತಳು. ಹಿಂದೆ ಸಾಲು ಬೆಳೆಯುತ್ತಿತ್ತು. ಆ ಬ್ರೆಡ್ಡಿಗೆ ಶೆಫೀಲ್ಡಿನಲ್ಲಿ ಬ್ರೆಡ್‌ಕೇಕ್ ಅನ್ನುತ್ತಾರೆ. ಕೇಕ್ ಅಂತ ಹೆಸರಿದ್ದರೂ ಸಿಹಿ ಅಲ್ಲ, ಆಕಾರ ಮಾತ್ರ ನಮ್ಮ ಬನ್ನಿನ ಹಾಗೆ. ಅದೇ ಬನ್ನು ಮ್ಯಾಂಚೆಸ್ಟರಿನಲ್ಲಿ ಬಾರ್ಮ್, ನಾಟಿಂಗ್‌ಹ್ಯಾಮಿನಲ್ಲಿ ಕಾಬ್. ಇದರ ಮೇಲೆ ಇವರು ಜಗಳ ಆಡುತ್ತಾರೆ, ಧಾರವಾಡದವರ ಮುಂದೆ ಬೆಳಗಾವಿ ಕುಂದಾ ಹೊಗಳಿದ ಹಾಗೆ. ಅಂಗಡಿಯಲ್ಲಿ ಗುರುತೇ ಇಲ್ಲದವರು ನಿನ್ನನ್ನು "ಲವ್" ಅಂತಲೋ "ಡಕ್" ಅಂತಲೋ ಕರೆದರೆ ಗಾಬರಿ ಬೀಳಬೇಡ. "ಏನಮ್ಮಾ" ಅಂದ ಹಾಗೆ ಅದು.

ಊಟದ ಹೆಸರುಗಳೂ ಗೋಜಲು. ಈ ಉತ್ತರದ ಕಡೆ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಡಿನ್ನರ್ ಅನ್ನುತ್ತಾರೆ, ಸಂಜೆ ಊಟಕ್ಕೆ ಟೀ. ಪಕ್ಕದ ಮನೆ ಅಜ್ಜಿ ಐದೂವರೆಗೆ ಟೀಗೆ ಬನ್ನಿ ಅಂದಳು. ಬರೀ ಟೀ ತಾನೇ ಅಂತ ನಾವು ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆ ತುಂಬಾ ತಿಂದು ಹೋದೆವು. ನೋಡಿದರೆ ಮೇಜಿನ ತುಂಬಾ ಊಟ. ಬೇಯಿಸಿದ ಆಲೂಗೆಡ್ಡೆ, ಚೀಸ್ ಹಾಕಿದ ಕಡುಬಿನಂಥದ್ದು, ಬಟಾಣಿ, ಮೇಲೆ ಆಪಲ್ ಕ್ರಂಬಲ್, ಕಸ್ಟರ್ಡ್. ಒಂದೇ ಸಲ ಕೇಳುತ್ತಾರೆ ಅನ್ನುವ ಪಾಠ ಅಷ್ಟರಲ್ಲಿ ಆಗಿತ್ತಲ್ಲ, ಕೇಳಿದ್ದಕ್ಕೆಲ್ಲ ಯೆಸ್ ಪ್ಲೀಸ್ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನೀನು ಮೊಟ್ಟೆ ಸಹ ತಿನ್ನಲ್ಲ, ಹಾಗಾಗಿ ಇದನ್ನು ಗಮನವಿಟ್ಟು ಓದು. ಬರೀ ಆಲೂಗೆಡ್ಡೆ ಚಿಪ್ಸ್ ತಾನೇ ಅಂತ ಫಿಶ್ ಅಂಡ್ ಚಿಪ್ಸ್ ಅಂಗಡಿಗೆ ಹೋಗಬೇಡ. ನಮ್ಮ ಈ ಯಾರ್ಕ್‌ಶೈರ್ ಸೀಮೆಯಲ್ಲಿ ತುಂಬಾ ಅಂಗಡಿಗಳು ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತವೆ, ಕೇಳಿಯೇ ತಗೋ. ಜೆಲ್ಲಿಯಂಥ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್ ಇರುತ್ತೆ. ಚೀಸ್ ಟೋಸ್ಟಿಗೆ ಚಿಮುಕಿಸುವ ವೂಸ್ಟರ್ ಸಾಸಿನಲ್ಲಿ ಮೀನು ಇರುತ್ತೆ ಅಂತ ನನಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಈಗ ಹೇಳಿ ಪ್ರಯೋಜನ ಇಲ್ಲ, ನಿಮ್ಮಜ್ಜಿಗೆ ಹೇಳಬೇಡ. ಅದರ ಬದಲು ಶೆಫೀಲ್ಡಿನದ್ದೇ ಹೆಂಡರ್ಸನ್ಸ್ ರೆಲಿಶ್ ಅಂತ ಸಿಗುತ್ತೆ, 1885ರಿಂದ ಮಾಡುತ್ತಾರೆ, ಮೀನು ಗೀನು ಇಲ್ಲ, ಸ್ವಲ್ಪ ಹುಣಸೆಹುಳಿ ರುಚಿ. ಚಿತ್ರಾನ್ನಕ್ಕೂ ಹಾಕಿ ನೋಡಿದ್ದೇನೆ, ಕೆಟ್ಟದಾಗಿಲ್ಲ. ನೋಡು, ನಾಟ್ ಬ್ಯಾಡ್ ನನಗೂ ಅಂಟಿಕೊಂಡಿದೆ. ಪೊಟ್ಟಣದ ಮೇಲೆ "ಸೂಟಬಲ್ ಫಾರ್ ವೆಜಿಟೇರಿಯನ್ಸ್" ಅಂತ ಬರೆದಿದ್ದರೆ ಮೊಟ್ಟೆ ಇರಬಹುದು, ಮೊಟ್ಟೆಯನ್ನು ಇವರು ಅದರಲ್ಲೇ ಸೇರಿಸುತ್ತಾರೆ. ಅಲರ್ಜಿ ಇರುವವರಿಗಾಗಿ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಅದನ್ನು ಓದಿದರೆ ಮೊಟ್ಟೆ, ಹಾಲು ಎಲ್ಲ ಗೊತ್ತಾಗುತ್ತೆ.

ಸ್ಟೀಲ್ ಲೋಟ, ತಟ್ಟೆ ಹೊತ್ತು ತರಬೇಡ ಅಂತ ನಿಮ್ಮಮ್ಮನಿಗೆ ಹೇಳಿದೆ. ಗಂಗೆಗೇ ನೀರು ತಂದ ಹಾಗೆ. 1913ರಲ್ಲಿ ಹ್ಯಾರಿ ಬ್ರೆಯರ್ಲಿ ಅನ್ನುವವನು ತುಕ್ಕು ಹಿಡಿಯದ ಉಕ್ಕು ಮಾಡಿದ್ದು ಇದೇ ಊರಲ್ಲಿ. ನಮ್ಮ ಅಡುಗೆಮನೆಯ ನೆಲುವಿನಿಂದ ಮದುವೆ ಉಡುಗೊರೆವರೆಗೆ ಎಲ್ಲ ಸ್ಟೀಲಿಗೂ ಶೆಫೀಲ್ಡ್ ತವರುಮನೆ ಅಂದ ಹಾಗಾಯಿತು. ಆದರೆ ಇವರು ಸ್ಟೀಲಿನಲ್ಲಿ ಚಾಕು ಚಮಚ ಮಾಡಿದರು, ಒಂದು ಒಳ್ಳೆ ಕಾಫಿ ಲೋಟ ಮಾಡಲಿಲ್ಲ. ಫಿಲ್ಟರ್ ಮಾತ್ರ ತಾ.

ಇನ್ನು ಟೀ ಬಗ್ಗೆ. ಎಲ್ಲೇ ಪಾರ್ಟ್‌ಟೈಮ್ ಕೆಲಸಕ್ಕೆ ಸೇರು, ಅಲ್ಲೊಂದು ಕೆಟಲ್ ಇರುತ್ತೆ. ನಿನಗೆ ಟೀ ಬೇಕು ಅನ್ನಿಸಿತು ಅಂತ ಒಬ್ಬಳೇ ಮಾಡಿಕೊಂಡು ಬಂದು ಕುಡಿಯಬೇಡ. ನಾನು ಮೂರು ವಾರ ಹಾಗೇ ಮಾಡಿದೆ, ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದೇ ಇಲ್ಲಿ ಅಪಾಯದ ಗುರುತು. ಏಳುವಾಗ ಎಲ್ಲರನ್ನೂ ಕೇಳಬೇಕು, ಯಾರಿಗೆ ಟೀ ಅಂತ. ಯಾರಿಗೆ ಹಾಲು ಎಷ್ಟು, ಸಕ್ಕರೆ ಎಷ್ಟು, ಯಾವ ಮಗ್ ಯಾರದ್ದು, ಎಲ್ಲ ನೆನಪಿರಬೇಕು. ಬೇರೆಯವರ ಮಗ್ ಮುಟ್ಟಿದರೆ ಮಡಿ ಮೈಲಿಗೆಗಿಂತ ದೊಡ್ಡ ರಾದ್ಧಾಂತ. ನಾಲ್ಕನೇ ವಾರ ನಾನು ಏಳು ಜನಕ್ಕೆ ಟೀ ಮಾಡಿ ಟ್ರೇನಲ್ಲಿ ತಂದೆ. ಆ ಮಧ್ಯಾಹ್ನವೇ ಮೊದಲ ಸಲ ಒಬ್ಬಳು ನನ್ನ ಪಕ್ಕ ಕೂತು ತನ್ನ ಗಂಡನ ಬಗ್ಗೆ ದೂರು ಹೇಳಿಕೊಂಡಳು. ಪಬ್ಬಿನಲ್ಲೂ ಇದೇ ನಿಯಮ. ನೀನು ಕುಡಿಯದಿದ್ದರೂ ಜೊತೆಗೆ ಹೋಗು, ಕಿತ್ತಳೆ ಜ್ಯೂಸ್ ಕುಡಿ, ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸುತ್ತಾರೆ, ನಿನ್ನ ಸರದಿ ಬಂದಾಗ ಬಾತ್‌ರೂಮಿಗೆ ಹೋಗಿಬಿಡಬೇಡ. ನಮ್ಮವರು ಎಷ್ಟೋ ಜನ ಹೆಸರು ಕೆಡಿಸಿಕೊಂಡಿದ್ದು ಅಲ್ಲೇ. ಅಷ್ಟು ದುಡ್ಡಿಲ್ಲದಿದ್ದರೆ ಮೊದಲೇ ನನ್ನದು ನಾನೇ ತಗೊಳ್ತೀನಿ ಅಂದುಬಿಡು, ಅದೂ ಸರಿ. ಕೌಂಟರಿನಲ್ಲಿ ಸಾಲು ಕಾಣಿಸುವುದಿಲ್ಲ, ಎಲ್ಲ ಚೆದುರಿ ನಿಂತಿರುತ್ತಾರೆ. ಆದರೂ ಯಾರು ಮೊದಲು ಬಂದರು ಅಂತ ಪ್ರತಿಯೊಬ್ಬರಿಗೂ ಗೊತ್ತಿರುತ್ತೆ.

ಕಾಗದ ಪತ್ರದ ಕೆಲಸ ಬೇಗ ಹೇಳಿಬಿಡುತ್ತೇನೆ. ಬಂದ ವಾರವೇ ಹತ್ತಿರದ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರಿನಂಥವರಲ್ಲಿ ಹೆಸರು ನೋಂದಾಯಿಸು, ಜ್ವರ ಬಂದಮೇಲೆ ಓಡಬೇಡ. ವೀಸಾ ಜೊತೆಗೇ ಆರೋಗ್ಯದ ದುಡ್ಡು ಕಟ್ಟಿರುತ್ತೀಯ. ಸಣ್ಣದಕ್ಕೆ 111ಕ್ಕೆ ಫೋನ್ ಮಾಡು, ಪ್ರಾಣಾಪಾಯಕ್ಕೆ 999. ನೆಗಡಿಗೆ ಆಂಟಿಬಯಾಟಿಕ್ ಕೇಳಿದರೆ ಕೊಡುವುದಿಲ್ಲ, ಪ್ಯಾರಸಿಟಮಾಲ್ ತಗೊಂಡು ಮಲಗು ಅನ್ನುತ್ತಾರೆ, ಅದನ್ನೂ ಅಂಗಡಿಯಲ್ಲಿ ಎರಡು ಪೊಟ್ಟಣಕ್ಕಿಂತ ಜಾಸ್ತಿ ಕೊಡಲ್ಲ. ಬೈದುಕೋ, ಆದರೆ ನಿಮ್ಮ ದೊಡ್ಡಪ್ಪನಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಯಿಂದ ಒಂದು ಬಿಲ್ಲೂ ಬರಲಿಲ್ಲ ಅನ್ನುವುದನ್ನೂ ಹೇಳಬೇಕು. ಈ ಸರ್ಕಾರಿ ಆರೋಗ್ಯ ಸೇವೆಯನ್ನು 1948ರಿಂದ ನಡೆಸಿಕೊಂಡು ಬಂದಿದ್ದಾರೆ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್, ನಮ್ಮ ಮನೆ ಕಂದಾಯದಂಥದ್ದು, ಇಲ್ಲ, ಯೂನಿವರ್ಸಿಟಿಯಿಂದ ಪತ್ರ ತಗೊಂಡು ಕೊಡು. ಟಿವಿ ನೋಡಲು ದುಡ್ಡು ಕಟ್ಟಿ ಟಿವಿ ಲೈಸೆನ್ಸ್ ತಗೊಳ್ಳಿ ಅಂತ ಹೆದರಿಸುವ ಥರ ಪತ್ರ ಬರುತ್ತೆ. ಲೈವ್ ಟಿವಿ, ಬಿಬಿಸಿ ಐಪ್ಲೇಯರ್ ಎರಡನ್ನೂ ನೋಡದಿದ್ದರೆ ಬೇಡ ಅಂತ ತಿಳಿಸಿ ಸುಮ್ಮನಾಗು. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ. ಡಿಸೆಂಬರ್ 25ಕ್ಕೆ ರೈಲೂ ಇಲ್ಲ, ದೊಡ್ಡ ಅಂಗಡಿಯೂ ಇಲ್ಲ, ಹಿಂದಿನ ದಿನವೇ ಹಾಲು ತಂದಿಟ್ಟುಕೋ. ಆ ದಿನ ಹೇಗೂ ನಮ್ಮನೆಗೇ ಬರುತ್ತೀಯ ಬಿಡು.

ಹಳೇ ಮನೆಯಲ್ಲಿ ರೂಮ್ ಸಿಕ್ಕರೆ ಕೈ ತೊಳೆಯುವ ಬೇಸಿನ್ನಿಗೆ ಎರಡು ನಲ್ಲಿ ಇರುತ್ತೆ, ಒಂದರಲ್ಲಿ ಸುಡುನೀರು, ಇನ್ನೊಂದರಲ್ಲಿ ಮಂಜುಗಡ್ಡೆ. ಮೊದಲೆಲ್ಲ ಬಿಸಿನೀರು ಅಟ್ಟದ ಟ್ಯಾಂಕಿನಿಂದ ಬರುತ್ತಿತ್ತು, ತಣ್ಣೀರು ಕುಡಿಯುವ ನೀರಿನ ಪೈಪಿನಿಂದ, ಎರಡೂ ಬೆರೆಯಬಾರದು ಅಂತ ಹಾಗೆ ಮಾಡಿದ್ದರಂತೆ. ಬಾತ್‌ರೂಮಿನ ದೀಪಕ್ಕೆ ಸ್ವಿಚ್ಚಿನ ಬದಲು ದಾರ ಇರುತ್ತೆ, ಕತ್ತಲಲ್ಲಿ ತಡಕಾಡಬೇಡ.

ಮಳೆ ಬಗ್ಗೆ ಎಲ್ಲರೂ ಹೆದರಿಸಿರುತ್ತಾರೆ. ನಾವು ಆಗುಂಬೆ ಪಕ್ಕದವರು ಪುಟ್ಟಿ, ನಮಗೆ ಇವರು ಮಳೆ ಕಲಿಸುತ್ತಾರಾ? ಆಗುಂಬೆಯಲ್ಲಿ ಒಂದು ಜುಲೈ ತಿಂಗಳಲ್ಲಿ ಸುರಿಯುವಷ್ಟು ಶೆಫೀಲ್ಡಿನಲ್ಲಿ ಇಡೀ ವರ್ಷ ಸುರಿಯುವುದಿಲ್ಲ. ಇಲ್ಲಿನದ್ದು ಜಿನುಗು, ಛತ್ರಿ ಬಿಚ್ಚಲಾ ಬೇಡ್ವಾ ಅನ್ನಿಸುವಂಥದ್ದು. ಹೆದರಬೇಕಾದ್ದು ಕತ್ತಲಿಗೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಾದರೂ ಬೆಳಕಾಗಲ್ಲ, ಮಧ್ಯಾಹ್ನ ನಾಲ್ಕರ ಒಳಗೆ ಸೂರ್ಯ ಮುಳುಗಿಯಾಯಿತು. ಅಕ್ಟೋಬರಿನ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಅಮ್ಮನಿಗೆ ಫೋನ್ ಮಾಡುವಾಗ ನಾಲ್ಕೂವರೆ ಅಲ್ಲ, ಐದೂವರೆ ಗಂಟೆ ಲೆಕ್ಕ ಹಾಕು. ಮೊದಲ ವರ್ಷ ನವೆಂಬರಿನಲ್ಲಿ ನನಗೆ ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ಊರಿನ ನೆನಪು ಅಂದುಕೊಂಡಿದ್ದೆ. ಅರ್ಧ ಊರಿನ ನೆನಪು, ಇನ್ನರ್ಧ ಬಿಸಿಲಿಲ್ಲದ್ದು. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳಿ ಅಂತ ಇಲ್ಲಿನ ಸರ್ಕಾರವೇ ಎಲ್ಲರಿಗೂ ಹೇಳುತ್ತೆ, ನಮ್ಮ ಬಣ್ಣದವರು ವರ್ಷವಿಡೀ ತಗೊಂಡರೂ ಒಳ್ಳೆಯದು ಅನ್ನುತ್ತಾರೆ. ಮರೆಯಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಎಷ್ಟೇ ಓದುವುದಿದ್ದರೂ ಇಪ್ಪತ್ತು ನಿಮಿಷ ಹೊರಗೆ ನಡಿ. ಜೂನ್ ಬಂದರೆ ರಾತ್ರಿ ಒಂಬತ್ತೂವರೆಗೂ ಬೆಳಕು, ಆಗ ಈ ಸಂಕಟ ಎಲ್ಲ ಮರೆತುಹೋಗುತ್ತೆ.

ನಡೆಯುವುದು ಅಂದಾಗ ನೆನಪಾಯಿತು. ಈ ದೇಶದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಯಾರದೋ ಜಮೀನು, ಮಧ್ಯದಲ್ಲಿ ಕಾಲುದಾರಿ, ಅದರಲ್ಲಿ ಯಾರು ಬೇಕಾದರೂ ನಡೆದು ಹೋಗಬಹುದು. ಹಕ್ಕು ಅದು. ಹಸಿರು ಬೋರ್ಡ್ ಇರುತ್ತೆ, ಪಬ್ಲಿಕ್ ಫುಟ್‌ಪಾತ್ ಅಂತ. ನಮ್ಮ ಕಡೆ ತೋಟದ ಬೇಲಿಗೆ ದಣಪೆ, ಉಣಗೋಲು ಇರಲ್ವಾ, ಅದೇ ಥರ ಇಲ್ಲೂ ಕಲ್ಲಿನ ಗೋಡೆಗೆ ಮೆಟ್ಟಿಲು, ಮರದ ಗೇಟು. ದನ ನುಗ್ಗದ ಹಾಗೆ, ಮನುಷ್ಯ ನುಸುಳುವ ಹಾಗೆ. ಮೊದಲ ಸಲ ಹೋದಾಗ ನಾನು ಗೇಟಿನ ಹತ್ತಿರ ನಿಂತೇಬಿಟ್ಟೆ, ಬೇರೆಯವರ ಗದ್ದೆ, ಯಾರಾದರೂ ಬೈದರೆ ಅಂತ. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಬಂದ ರೈತ ಕೈ ಎತ್ತಿ ಮಾರ್ನಿಂಗ್ ಅಂದು ಹೋದ. ಈ ಹಕ್ಕು ಸುಮ್ನೆ ಬಂದದ್ದಲ್ಲ. ಇಲ್ಲೇ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟ ಶ್ರೀಮಂತರ ಬೇಟೆ ಜಾಗವಾಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ನೂರಾರು ಜನ ಬೇಕೆಂದೇ ಅದಕ್ಕೆ ನುಗ್ಗಿ ಹತ್ತಿದರು, ಕೆಲವರು ಜೈಲಿಗೂ ಹೋದರು. 1951ರಲ್ಲಿ ಆ ಇಡೀ ಪ್ರದೇಶ ಪೀಕ್ ಡಿಸ್ಟ್ರಿಕ್ಟ್ ಅಂತ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಶೆಫೀಲ್ಡಿನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ, ಈಡೇಲ್‌ನಲ್ಲಿ ಇಳಿದರೆ ಬೆಟ್ಟದ ಬುಡ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗು, ಕುರಿಮರಿ ಇರುವ ಕಾಲದಲ್ಲಿ ಹತ್ತಿರ ಹೋಗಬೇಡ. ಸೆಪ್ಟೆಂಬರಿನಲ್ಲಿ ಬೇಲಿ ಮೇಲೆ ಬ್ಲ್ಯಾಕ್‌ಬೆರ್ರಿ ಹಣ್ಣಾಗಿರುತ್ತೆ, ನಾವು ಗುಡ್ಡದಲ್ಲಿ ಕೌಳಿಹಣ್ಣು ಕಿತ್ತು ತಿಂದ ಹಾಗೆ ಬಾಯಿ ನೀಲಿಯಾಗುವಷ್ಟು ತಿನ್ನು. ಬಿಳಿ ಕೂದಲಿನ ಅಜ್ಜ ಅಜ್ಜಿಯರು ಕೋಲು ಊರಿಕೊಂಡು ಎದುರು ಬರುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತರೂ ಮಾತಾಡದ ಜನ ಬೆಟ್ಟದ ಮೇಲೆ ಮಾತ್ರ ಎಲ್ಲರಿಗೂ ಹಲೋ ಅನ್ನುತ್ತಾರೆ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಲ್ಲ ಸಿಹಿಯೇ ಅಂತ ಸುಳ್ಳು ಹೇಳುವುದಿಲ್ಲ. ಒಂದು ಸಲ ಬಸ್ ಸ್ಟಾಪಿನಲ್ಲಿ ಕುಡಿದವನೊಬ್ಬ ನಿಮ್ಮ ದೇಶಕ್ಕೆ ಹೋಗಿ ಅಂತ ಕೂಗಿದ. ನಾನು ನಡುಗುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಅವನಿಗೆ ಏನೂ ಹೇಳಲಿಲ್ಲ, ಬಂದು ನನ್ನ ಮತ್ತು ಅವನ ಮಧ್ಯೆ ನಿಂತುಕೊಂಡು ಈ ಬಸ್ಸು ಯಾವಾಗಲೂ ತಡ ಅಲ್ವಾ ಅಂತ ಮಾತು ತೆಗೆದಳು. ಅಂಥದ್ದು ನಿನಗೂ ಆದರೆ ವಾದಕ್ಕೆ ಇಳಿಯಬೇಡ, ಜನ ಇರುವ ಕಡೆ ಸರಿದು ನಿಲ್ಲು, ಆಮೇಲೆ ನನಗೆ ಫೋನ್ ಮಾಡು. ಎಷ್ಟೇ ರಾತ್ರಿಯಾಗಲಿ. ಇನ್ನೊಂದು ಥರದ ಬೇಜಾರೂ ಆಗುತ್ತೆ. ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಹುಲಿ ನೋಡು, ಪ್ರವೇಶ ಉಚಿತ. ಯುರೋಪಿನ ಸೈನಿಕನ ಮೇಲೆ ಎರಗಿದ ಮರದ ಹುಲಿ, 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತು ತಂದದ್ದು. ನಾನು ನಿಂತು ನೋಡುತ್ತಿದ್ದಾಗ ಪಕ್ಕದ ಮಕ್ಕಳು ಎಷ್ಟು ಮುದ್ದಾಗಿದೆ ಅನ್ನುತ್ತಿದ್ದವು. ಇಲ್ಲಿನ ಎಷ್ಟೋ ಜನಕ್ಕೆ ತಮ್ಮ ಹಿರಿಯರು ನಮ್ಮಲ್ಲಿ ಏನು ಮಾಡಿದರು ಅನ್ನುವುದು ನಮಗೆ ಗೊತ್ತಿರುವಷ್ಟು ಗೊತ್ತಿಲ್ಲ. ಕೇಳಿದರೆ ಹೇಳು, ಕೇಳದವರ ಮುಂದೆ ಭಾಷಣ ಬೇಡ. ಹೊರಗೆ ಬಂದು ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನೋಡಿಕೊಂಡು ಬಾ, 2015ರಲ್ಲಿ ಅನಾವರಣ ಆಯಿತು. ನಾನು ಅಲ್ಲೇ ಕೂತು ಬುತ್ತಿ ಬಿಚ್ಚಿ ಮೊಸರನ್ನ ತಿಂದಿದ್ದೆ.

ನಿಮ್ಮಮ್ಮನಿಗೆ ಇರುವ ಒಂದೇ ಚಿಂತೆ, ಮಗಳು ಒಬ್ಬಳೇ ಆಗಿಬಿಡುತ್ತಾಳೆ, ಕಷ್ಟಕ್ಕೆ ಯಾರಿದ್ದಾರೆ ಅಂತ. ಪಕ್ಕದ ಮನೆ ಅಜ್ಜಿ ಅಂದೆನಲ್ಲ, ಆ ಟೀ ದಿನ ಬಿಟ್ಟರೆ ಮೂರು ವರ್ಷ ನಾವಿಬ್ಬರೂ ಬೇಲಿಯಾಚೆ ಈಚೆ ಹವಾಮಾನ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮಕ್ಕಳೆಷ್ಟು, ಸಂಬಳ ಎಷ್ಟು, ಯಾವ ಜನ, ಒಂದನ್ನೂ ಕೇಳಲಿಲ್ಲ. ನೀನೂ ಯಾರನ್ನೂ ಕೇಳಬೇಡ. ಕಲ್ಲು ಮನಸ್ಸು ಅಂದುಕೊಂಡಿದ್ದೆ. ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದ ಮೂರು ವಾರ ನಮ್ಮನೆ ಕಸದ ಡಬ್ಬ ತಾನಾಗಿ ರಸ್ತೆಗೆ ಹೋಗಿ ತಾನಾಗಿ ವಾಪಸ್ ಬರುತ್ತಿತ್ತು. ಮೊದಲ ವಾರ ನನಗೆ ಗೊತ್ತೇ ಆಗಲಿಲ್ಲ. ಎರಡನೇ ವಾರ ಬಾಗಿಲ ಮುಂದೆ ಒಂದು ಪೈ ಇತ್ತು, ಮೇಲೆ ಚೀಟಿ. ಈರುಳ್ಳಿ, ಆಲೂಗೆಡ್ಡೆ, ಚೀಸ್, ಹಿಟ್ಟು, ಬೆಣ್ಣೆ ಅಂತ ಒಂದೊಂದೇ ಸಾಮಾನು ನಡುಗುವ ಕೈಯಲ್ಲಿ ಬರೆದು, ಕೆಳಗೆ "ಮೊಟ್ಟೆ ಇಲ್ಲ, ನೋಡಿದ್ದೇನೆ" ಅಂತ ಗೆರೆ ಎಳೆದಿದ್ದಳು. ನಾನು ಮೊಟ್ಟೆ ತಿನ್ನಲ್ಲ ಅಂತ ಆ ಟೀ ದಿನ ಒಂದೇ ಸಲ ಹೇಳಿದ್ದೆ. ಥ್ಯಾಂಕ್ಸ್ ಹೇಳಲು ಹೋದರೆ ಕೆಂಪಾಗಿ, ಇವತ್ತು ಚಳಿ ಸ್ವಲ್ಪ ಕಡಿಮೆ ಅಂದಳು.

ತುಪ್ಪದ ಡಬ್ಬ ತರಬೇಡ, ಹಾಲಿನ ಪದಾರ್ಥ ಭಾರತದಿಂದ ತರುವ ಹಾಗಿಲ್ಲ. ಹಸಿ ಕರಿಬೇವೂ ಬೇಡ, ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಮೂರು ಪದರ ಕವರ್ ಹಾಕಿ ಬಟ್ಟೆ ಮಧ್ಯೆ ಇಡು. ಮ್ಯಾಂಚೆಸ್ಟರ್ ಏರ್‌ಪೋರ್ಟಿನಿಂದ ಶೆಫೀಲ್ಡಿಗೆ ರೈಲಿನಲ್ಲಿ ಬರಬಹುದು, ಆದರೂ ನಾವೇ ಬರುತ್ತೇವೆ, ಬೇಡ ಅನ್ನಬೇಡ, ಈ ಒಂದು ವಿಷಯದಲ್ಲಿ ನಾನು ತೀರ್ಥಹಳ್ಳಿಯವಳೇ, ಮೂರು ಸಲ ಕೇಳುತ್ತೇನೆ. ಇನ್ನೂ ಬರೆಯುವುದಿತ್ತು, ಅಜ್ಜಿ ಬೇಲಿಯಾಚೆಯಿಂದ ಕರೆಯುತ್ತಿದ್ದಾಳೆ. ನಿಮ್ಮ ಬಟ್ಟೆ ಸ್ವಲ್ಪ ತೇವ ಆಗುತ್ತಿರಬಹುದೇನೋ ಅನ್ನುತ್ತಿದ್ದಾಳೆ. ಅಂದರೆ ಪೂರ್ತಿ ನೆಂದು ತೊಪ್ಪೆಯಾಗಿದೆ, ಓಡುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ